ತೊಡಲಾರದ ಬಂಗಾರ

ಚಿತ್ತಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ನಾನು ಏಳು ವರ್ಷ ಕೂತಿದ್ದೆ. ಅದಕ್ಕೆ ಮೊದಲು ಸೇಡಂ, ಅದಾದ ಮೇಲೆ ಶಹಾಬಾದ, ಈಗ ಚಿಂಚೋಳಿ. ವರ್ಗವಾದ ಕಡೆ ಹೋಗಿ ಒಂದು ಬಾಡಿಗೆ ಮನೆ ಹಿಡಿದು, ಒಂದು ಮಂಚ, ಒಂದು ಕಬ್ಬಿಣದ ಪೆಟ್ಟಿಗೆ, ಒಬ್ಬಳಿಗೆ ಬೇಕಾಗುವಷ್ಟು ಪಾತ್ರೆ ಇಟ್ಟುಕೊಂಡು ಬದುಕಿದ್ದೇನೆ. ಆ ಪೆಟ್ಟಿಗೆಯ ತಳದಲ್ಲಿ ಚಿನ್ನದ ನಾಣ್ಯಗಳಿದ್ದವೆಂದು ಬಹಳ ವರ್ಷ ಒಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸೇಡಂನಲ್ಲಿದ್ದಾಗ ನನ್ನ ಮದುವೆಯಾಯಿತು. ಒಂದೂವರೆ ವರ್ಷ ನಡೆಯಿತು. ಗಂಡನಾದವನು ಕೆಟ್ಟವನೆಂದು ನಾನು ಯಾರ ಮುಂದೆಯೂ ಹೇಳಿಲ್ಲ. ಅವನಿಗೆ ಒಂದಾದ ಮೇಲೊಂದು ವ್ಯಾಪಾರದ ಹುಚ್ಚಿತ್ತು, ಅಷ್ಟೇ. ಮೊದಲು ನನ್ನ ಬಳೆಗಳು ಹೋದವು, ಆಮೇಲೆ ಸರ. ಕೊನೆಗೆ, ತಿರುಪು ಸಡಿಲಾಗಿದೆ, ಸರಿ ಮಾಡಿಸಿಕೊಂಡು ಬರುತ್ತೇನೆ ಎಂದು ಕಿವಿಯ ಹೂಗಳನ್ನು ತೆಗೆದುಕೊಂಡು ಹೋದ. ಅವು ತಿರುಗಿ ಬರಲಿಲ್ಲ. ನಾನು ಐನಾಪುರದ ತವರಿಗೆ ಬಂದೆ. ಅಣ್ಣ ಹೊಲದಿಂದ ಬಂದವನು ನನ್ನ ಬರಿಯ ಕಿವಿಗಳನ್ನು ನೋಡಿ ಏನನ್ನೂ ಕೇಳಲಿಲ್ಲ. ಮರುವಾರ ತಾನೇ ಸೇಡಂಗೆ ಬಂದು, ಇನ್ನೊಂದು ಓಣಿಯಲ್ಲಿ ನನಗೊಂದು ಕೋಣೆ ನೋಡಿಕೊಟ್ಟು ಹೋದ.

ಅದೇ ವರ್ಷ ಅಂಚೆ ಕಚೇರಿಯ ಗೋಡೆಯ ಮೇಲೆ ಒಂದು ಬಣ್ಣದ ಕಾಗದ ಕಂಡೆ. ಯಾವುದೋ ಸಂಸ್ಥೆಗೆ ನೂರು ವರ್ಷ ತುಂಬಿದ ನೆನಪಿಗೆ ಸರ್ಕಾರದ ಟಂಕಸಾಲೆ ಚಿನ್ನದ ನಾಣ್ಯ ತರುತ್ತಿದೆ, ಬೇಕಾದವರು ಇಷ್ಟರೊಳಗೆ ಹೆಸರು ಬರೆಸಬೇಕು ಎಂದಿತ್ತು. ಕೆಳಗೆ ನಾಣ್ಯದ ಚಿತ್ರ. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಇದು ಕಿವಿಗೆ ಹಾಕಿಕೊಳ್ಳುವುದಲ್ಲ, ಕೊರಳಿಗೆ ಕಟ್ಟುವುದಲ್ಲ. ಮದುವೆಮನೆಯಲ್ಲಿ ಯಾರೂ ನೋಡುವುದಿಲ್ಲ. ಎಂಟು ದಿನಕ್ಕೆ ಬಿಚ್ಚಿಕೊಡು ಎಂದು ಯಾರೂ ಕೇಳುವುದಿಲ್ಲ. ಇಟ್ಟಲ್ಲಿ ಇರುತ್ತದೆ, ವರ್ಷ ಕಳೆದಂತೆ ಬೆಲೆ ಏರುತ್ತದೆ. ಮುಪ್ಪಿನಲ್ಲಿ ಯಾರ ಕೈ ನೋಡುವುದೂ ಬೇಡ. ಅರ್ಜಿ ತುಂಬಿ ಹಣ ಕಟ್ಟಿದೆ. ನಾಣ್ಯ ಬಂದ ದಿನ ಬಾಗಿಲು ಹಾಕಿಕೊಂಡು ಪೊಟ್ಟಣ ಬಿಚ್ಚಿದೆ. ಸಣ್ಣ ನೀಲಿ ಡಬ್ಬಿ, ಅದರೊಳಗೆ ಗಾಜಿನಂಥ ಪ್ಲಾಸ್ಟಿಕ್ ಬಿಲ್ಲೆ, ಅದರೊಳಗೆ ನಾಣ್ಯ. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಯಾರಿಗಾದರೂ ತೋರಿಸಬೇಕೆಂಬ ಆಸೆ ಬಂತು. ಯಾರಿಗೆ? ಡಬ್ಬಿ ಮುಚ್ಚಿ ಪೆಟ್ಟಿಗೆಯ ತಳದಲ್ಲಿಟ್ಟೆ. ಮುಂದೆ ವರ್ಷಕ್ಕೊಂದು, ಕೆಲವು ಸಲ ಎರಡು ವರ್ಷಕ್ಕೊಂದು ತರಿಸತೊಡಗಿದೆ.

ಚಿತ್ತಾಪುರಕ್ಕೆ ಬಂದ ಮೇಲೆ ಒಂದು ದಿನ ಮಧ್ಯಾಹ್ನ, ಕಿಟಕಿಯ ಮುಂದೆ ಜನ ಕಡಿಮೆಯಾದಾಗ, ಹೊಸ ನಾಣ್ಯದ ಅರ್ಜಿಯನ್ನು ಮೇಜಿನ ಮೇಲೆ ಹರವಿಕೊಂಡು ತುಂಬುತ್ತಿದ್ದೆ. ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳಲು ಬಂದ ಮುದುಕರೊಬ್ಬರು ಕಿಟಕಿಯ ಆಚೆ ನಿಂತಿದ್ದರು. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅರ್ಜಿಯ ಚಿತ್ರವನ್ನು ತಲೆಕೆಳಗಾಗಿಯೇ ನೋಡಿ, "ಇದನ್ನ ತಗೋಬ್ಯಾಡ್ರಿ ಬಾಯಾರ. ಇದರ ಅಂಚು ಛಲೋ ಇಲ್ಲ. ಭಾಳ ಮಂದಿಗೆ ಮಾರ್ಲಿಕತ್ತಾರ, ಮುಂದ ಬೆಲಿ ಬರಂಗಿಲ್ಲ" ಎಂದರು.

ನಾನು ಗಾಬರಿಯಾಗಿ ಕಾಗದ ಮಡಚಿದೆ. ಅವರು ನಗಲಿಲ್ಲ. ಗುಳಿಗೆ ತೆಗೆದುಕೊಂಡು ಹೊರಟವರು ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ತಾವು ವಾಡಿಯಲ್ಲಿರುವುದಾಗಿಯೂ, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದುದಾಗಿಯೂ, ಮೂವತ್ತು ವರ್ಷದಿಂದ ಇಂಥ ನಾಣ್ಯ ಕೂಡಿಸುತ್ತಿರುವುದಾಗಿಯೂ ಹೇಳಿದರು. ಚಿತ್ತಾಪುರದಲ್ಲಿ ಅವರ ತಂಗಿಯ ಮನೆಯಿತ್ತು. ತಿಂಗಳಿಗೊಮ್ಮೆ ಬಂದಾಗ ಇಲ್ಲೇ ಗುಳಿಗೆ ಪಡೆಯುತ್ತಿದ್ದರು. ನೋಡಬೇಕೆನಿಸಿದರೆ ಬನ್ನಿ ಎಂದು ಮನೆಯ ಗುರುತು ಹೇಳಿ ಹೋದರು.

ಎರಡು ತಿಂಗಳು ಹೋಗಲಿಲ್ಲ. ಮೂರನೆಯ ತಿಂಗಳು ಒಂದು ಭಾನುವಾರ ನನ್ನ ನಾಲ್ಕು ಡಬ್ಬಿಗಳನ್ನು ಕೈಚೀಲದಲ್ಲಿ ಜೋಳದ ಹಿಟ್ಟಿನ ಪೊಟ್ಟಣದ ಕೆಳಗಿಟ್ಟುಕೊಂಡು ಪ್ಯಾಸೆಂಜರ್ ರೈಲು ಹತ್ತಿದೆ. ವಾಡಿಯಲ್ಲಿ ಇಳಿದು ಹಳಿಯ ಪಕ್ಕದ ರಸ್ತೆಯಲ್ಲಿ ನಡೆದರೆ ಹತ್ತು ನಿಮಿಷ. ಮನೆಗಳ ಮೇಲೆಲ್ಲ ಸಿಮೆಂಟಿನ ಧೂಳು. ಬೇವಿನ ಎಲೆಗಳೂ ಬೂದಿ ಬಣ್ಣ. ಅವರು ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ನನ್ನನ್ನು ಏನೂ ಕೇಳಲಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊರಗಿನವರಿಗೆ ಕಾಣುವಂತೆ ಪಡಸಾಲೆಯಲ್ಲಿ ನನಗೊಂದು ಕುರ್ಚಿ ಹಾಕಿದರು. ತಾವೇ ಚಹಾ ಮಾಡಿ ಸ್ಟೀಲಿನ ಲೋಟದಲ್ಲಿ ತಂದರು.

ಗಾರ್ಡುಗಳಿಗೆ ರೈಲಿನಲ್ಲಿ ಒಯ್ಯಲು ಕೊಡುವಂಥ ಕಪ್ಪು ಕಬ್ಬಿಣದ ಪೆಟ್ಟಿಗೆಯಲ್ಲಿ ಅವರ ಸಂಗ್ರಹವಿತ್ತು. ಡ್ಯೂಟಿಯ ಮೇಲೆ ಮುಂಬೈ, ಸಿಕಂದರಾಬಾದ್ ಕಡೆ ಹೋದಾಗ ಒಂದೊಂದಾಗಿ ಕೊಂಡದ್ದು. ಒಂದರಲ್ಲಿ ಹಡಗು, ಒಂದರಲ್ಲಿ ತೆನೆ, ಒಂದರಲ್ಲಿ ಯಾವುದೋ ದೂರದೇಶದ ಹಕ್ಕಿ. ಮೇಜಿನ ಮೇಲೆ ಕರಿ ಬಟ್ಟೆ ಹಾಸಿ ಒಂದೊಂದನ್ನೇ ಇಟ್ಟರು. ಒಂದನ್ನು ನೋಡಿ ಮುಗಿಸುವ ತನಕ ಇನ್ನೊಂದನ್ನು ತೆಗೆಯಲಿಲ್ಲ. ಬಿಲ್ಲೆಯಿಂದ ನಾಣ್ಯ ಹೊರಗೆ ತೆಗೆಯಬಾರದು, ಬೆರಳ ಬೆವರು ತಾಗಿದರೆ ವರ್ಷದ ಮೇಲೆ ಕಲೆ ಏಳುತ್ತದೆ. ಜೊತೆಗೆ ಬಂದ ಪ್ರಮಾಣಪತ್ರ, ಡಬ್ಬಿ, ರಸೀದಿ ಮೂರೂ ಇದ್ದರೆ ಮಾತ್ರ ಅದು ಸಂಗ್ರಹದ ನಾಣ್ಯ, ಇಲ್ಲದಿದ್ದರೆ ತೂಕದ ಬಂಗಾರ. ಎಷ್ಟು ಕಡಿಮೆ ನಾಣ್ಯ ಹೊಡೆದಿದ್ದಾರೋ ಅಷ್ಟು ಒಳ್ಳೆಯದು. ಕೊಂಡ ಮೇಲೆ ಹದಿನೈದು ಇಪ್ಪತ್ತು ವರ್ಷ ಮರೆತುಬಿಡಬೇಕು. ಇವೆಲ್ಲ ಅವರಿಂದ ಕಲಿತದ್ದು. ನನ್ನ ನಾಲ್ಕನ್ನು ನೋಡಿ ಎರಡನ್ನು ಮೆಚ್ಚಿದರು, ಒಂದರ ಬಗ್ಗೆ ಸುಮ್ಮನಿದ್ದರು, ಸೇಡಂನಲ್ಲಿ ಕೊಂಡ ಮೊದಲನೆಯದನ್ನು ಬೆಳಕಿಗೆ ಹಿಡಿದು, "ಇದು ಸಿಗಂಗಿಲ್ಲ ಈಗ. ಛಲೋ ಕಣ್ಣು ಅದ ನಿಮ್ಮದು" ಎಂದರು.

ಆ ದಿನ ರೈಲಿನಲ್ಲಿ ಹಿಂತಿರುಗುವಾಗ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಯಾರೋ ನನ್ನನ್ನು ಹೊಗಳಿ ಎಷ್ಟು ವರ್ಷವಾಗಿತ್ತೋ.

ಆಮೇಲೆ ತಿಂಗಳಿಗೊಂದು ಭಾನುವಾರ ವಾಡಿಗೆ ಹೋಗುವುದು ರೂಢಿಯಾಯಿತು. ಹೊಸದಾಗಿ ತೋರಿಸಲು ಇಬ್ಬರಲ್ಲೂ ಏನೂ ಇರುತ್ತಿರಲಿಲ್ಲ. ಅವೇ ನಾಣ್ಯಗಳನ್ನು ನೋಡುತ್ತಿದ್ದೆವು. ಮಾತು ಕಡಿಮೆ. ಗೂಡ್ಸ್ ಗಾಡಿ ಹೋದಾಗ ಅವರು ತಲೆಯೆತ್ತದೆಯೇ ಅದಕ್ಕೆ ಎಷ್ಟು ವ್ಯಾಗನ್ ಇದ್ದವೆಂದು ಹೇಳುತ್ತಿದ್ದರು. ಒಂದು ತಾಸು ಕೂತು ಚಹಾ ಕುಡಿದು ಎದ್ದು ಬರುತ್ತಿದ್ದೆ. ಪೆಟ್ಟಿಗೆಯಲ್ಲಿ ಇಡಬೇಡಿ, ಲಾಕರ್ ತೆಗೆಯಿರಿ ಎಂದು ನನಗೆ ಹೇಳುತ್ತಿದ್ದ ಅವರು, ತಮ್ಮದನ್ನು ಮಾತ್ರ ಮಂಚದ ಕೆಳಗೇ ಇಟ್ಟಿದ್ದರು. ಹೀಗೆ ಮೂರು ವರ್ಷ ನಡೆಯಿತು.

ಒಂದು ದಿನ ಅಣ್ಣ ಚಿತ್ತಾಪುರದ ನನ್ನ ಮನೆಗೆ ಬಂದ. ಸಾಮಾನ್ಯವಾಗಿ ಹಬ್ಬಕ್ಕೆ ಕರೆಯಲು ಬರುತ್ತಿದ್ದ. ಅವತ್ತು ಹಬ್ಬವಿರಲಿಲ್ಲ. ಕಾಳಗಿಯಲ್ಲಿ ಬಸ್ಸು ತಪ್ಪಿ ಬಹಳ ಹೊತ್ತು ಕೂತು ಬಂದಿದ್ದನಂತೆ. ನೀರು ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತ ಮಾತು ತೆಗೆದ. ನಮ್ಮೂರಿನವನೊಬ್ಬ ವಾಡಿಯ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ. ಅವನು ನನ್ನನ್ನು ಆ ಮನೆಯಲ್ಲಿ ನೋಡಿದ್ದ, ಒಂದು ಸಲವಲ್ಲ, ನಾಲ್ಕಾರು ಸಲ. ಊರಲ್ಲಿ ಮಾತು ಹರಡಿತ್ತು.

"ನಾ ನಿನ್ನ ಮ್ಯಾಲ ಸಂಶೆ ಪಡಲಿಕತ್ತಿಲ್ಲ" ಎಂದ ಅಣ್ಣ. "ಏನ್ ಕೆಲಸಕ್ಕ ಹೋಗ್ತಿ, ಅದೊಂದು ಹೇಳು. ಕೇಳ್ದೋರಿಗಿ ನಾ ಜವಾಬ್ ಕೊಡ್ತೀನಿ."

ಅದೊಂದನ್ನು ಹೇಳಲು ನನ್ನಿಂದಾಗಲಿಲ್ಲ. ಹೇಳಿದರೆ ನಾಣ್ಯಗಳನ್ನು ತೋರಿಸಬೇಕು. ಆ ವರ್ಷ ಅಣ್ಣ ಮನೆಗೆ ಮೇಲಂತಸ್ತು ಹಾಕಲು ದುಡ್ಡಿಗಾಗಿ ಓಡಾಡುತ್ತಿದ್ದ. ಕೆಟ್ಟ ಮನುಷ್ಯನಲ್ಲ ನನ್ನಣ್ಣ. ಆದರೆ ಒಮ್ಮೆ ಗೊತ್ತಾದರೆ ಎಂದಾದರೊಂದು ದಿನ ಕೇಳುತ್ತಾನೆ, ಕೇಳಿದರೆ ನನ್ನಿಂದ ಇಲ್ಲವೆನ್ನಲಾಗುವುದಿಲ್ಲ ಎಂಬ ಭಯ. ಕಿವಿಯ ಹೂಗಳನ್ನು ಬಿಚ್ಚಿಕೊಟ್ಟ ದಿನದಿಂದ ಆ ಭಯ ನನ್ನನ್ನು ಬಿಟ್ಟಿರಲಿಲ್ಲ. ವಯಸ್ಸಾದವರು, ಔಷಧಿ ಕೊಡಲು ಹೋಗುತ್ತೇನೆ ಎಂದೆ. ಔಷಧಿ ಆಸ್ಪತ್ರೆಯಲ್ಲಿ ಸಿಗುತ್ತದಲ್ಲ ಎಂದ. ಅಷ್ಟರಲ್ಲಿ ನನ್ನ ಮೊಬೈಲ್ ಬಡಿದುಕೊಂಡಿತು. ಅವರದೇ ಕರೆ. ಆ ಭಾನುವಾರ ನಾನು ಬರುತ್ತೇನೋ ಇಲ್ಲವೋ ಕೇಳಲು ಮಾಡಿದ್ದಿರಬೇಕು. ಅಣ್ಣ ಫೋನನ್ನೂ ನೋಡಿದ, ನನ್ನನ್ನೂ ನೋಡಿದ. ನಾನು ಎತ್ತಲಿಲ್ಲ.

"ಇನ್ನ ಹೋಗಂಗಿಲ್ಲ" ಎಂದೆ.

ಅಣ್ಣ ಊಟ ಮಾಡದೆ ಹೋದ. ಅವರು ಮತ್ತೆರಡು ಸಲ ಕರೆ ಮಾಡಿದರು. ಎರಡು ಸಲವೂ ನಾನು ಫೋನ್ ಹಿಡಿದುಕೊಂಡು, ಅದು ನಿಲ್ಲುವವರೆಗೆ ನೋಡುತ್ತ ಕೂತೆ. ಮಂದಿ ನಮ್ಮಿಬ್ಬರ ಬಗ್ಗೆ ಹೀಗೆ ಆಡುತ್ತಾರೆ ಎಂದು ಆ ಮುದುಕರ ಕಿವಿಗೆ ಹೇಗೆ ಹಾಕುವುದು? ಕಿಟಕಿಗೂ ಅವರು ಮತ್ತೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಒಂದು ಮನಸ್ಸು, ಬಾರದಿರಲಿ ಎಂದು ಇನ್ನೊಂದು. ನಾಲ್ಕು ತಿಂಗಳಿಗೆ ನನಗೆ ಶಹಾಬಾದಿಗೆ ವರ್ಗವಾಯಿತು.

ಶಹಾಬಾದಿನಲ್ಲಿ ನಾನಿದ್ದ ಓಣಿಯಲ್ಲಿ ನೆಲ, ಗೋಡೆ, ಮಾಳಿಗೆ ಎಲ್ಲ ಕಲ್ಲು. ಬೇಸಿಗೆಯ ಮಧ್ಯಾಹ್ನ ಒಳಗಿದ್ದರೂ ಬೆವರು ಇಳಿಯುತ್ತಿತ್ತು. ಭಾನುವಾರಗಳು ಬಹಳ ಉದ್ದವಾದವು. ಬಟ್ಟೆ ಒಗೆದು, ಜೋಳ ಹಸನು ಮಾಡಿ, ಊಟ ಮಾಡಿದ ಮೇಲೂ ಇನ್ನೂ ಹಗಲಿರುತ್ತಿತ್ತು. ಆ ವರ್ಷವೂ ನಾಣ್ಯ ತರಿಸಿದೆ. ಮರುವರ್ಷ ಇನ್ನೊಂದು. ಡಬ್ಬಿ ತೆರೆದು ಒಬ್ಬಳೇ ನೋಡುತ್ತಿದ್ದೆ. ಅಂಚು ಚೆನ್ನಾಗಿದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿತ್ತು. ಆದರೂ ಎದುರಿಗಿದ್ದವರೊಬ್ಬರು ಹ್ಞೂಂ ಅನ್ನದಿದ್ದರೆ ಅದು ಪೂರ್ತಿ ನಿಜವೆನಿಸುತ್ತಿರಲಿಲ್ಲ. ಒಂದೆರಡು ಸಲ ಡಬ್ಬಿ ಹೊರಗೆ ತೆಗೆದು, ತೆರೆಯದೆಯೇ ತಿರುಗಿ ಪೆಟ್ಟಿಗೆಗೆ ಹಾಕಿದೆ.

ವಾಡಿ ಅಲ್ಲಿಂದ ಎಷ್ಟು ದೂರ? ರೈಲು ಹತ್ತಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬರುತ್ತದೆ. ಆ ದೂರವನ್ನು ದಾಟಲು ನನಗೆ ಸುಮಾರು ಎರಡು ವರ್ಷ ಬೇಕಾಯಿತು. ಕೊನೆಗೆ ಒಂದು ಭಾನುವಾರ, ಬೆಳಿಗ್ಗೆ ಎದ್ದಾಗ ಅಂಥ ಯೋಚನೆಯೇನೂ ಇರಲಿಲ್ಲ, ಸ್ನಾನ ಮಾಡಿ ತಲೆ ಬಾಚಿಕೊಳ್ಳುವಾಗ, ಇವತ್ತು ಹೋಗುತ್ತೇನೆ ಎಂದುಕೊಂಡೆ. ಹೊಸ ಎರಡು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಮಂದಿ ಏನಾದರೂ ಅಂದುಕೊಳ್ಳಲಿ, ಕ್ಷಮೆ ಕೇಳಿ ಬರೋಣ, ಅವರು ಬಾಗಿಲು ಹಾಕಿದರೂ ಸರಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ಮುಂದೆ ಹಗ್ಗದ ಮೇಲೆ ಮಕ್ಕಳ ಬಟ್ಟೆ ಒಣಗುತ್ತಿತ್ತು. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಹೊರಗೆ ಬಂದಳು. ಗಾರ್ಡ್ ಸಾಹೇಬರು ಇದ್ದಾರೇನು ಎಂದು ಕೇಳಿದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಬಂಗಾರದ ಬಿಲ್ಲಿ ನೋಡ್ಲಾಕ ಬರ್ತಿದ್ದೋರು ನೀವೇ ಏನ್ರಿ?"

ಹೌದೆಂದೆ. ಅವಳು ಅವರ ತಂಗಿಯ ಮಗಳಂತೆ. ಒಳಗೆ ಕರೆದು ಕೂರಿಸಿದಳು. ಅವರು ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಚಳಿಗಾಲದಲ್ಲಿ ಎದೆನೋವು ಬಂದು ಕಲಬುರಗಿಗೆ ಒಯ್ದಿದ್ದರು, ನಾಲ್ಕು ದಿನ ಇದ್ದರು. ಆ ನಾಲ್ಕು ದಿನದಲ್ಲಿ ನನ್ನ ಮಾತು ತೆಗೆದಿದ್ದರಂತೆ.

"ಒಬ್ಬಾಕಿ ಬರ್ತಾಳ, ಆಕಿನ್ನ ಕೇಳ್ಲಾರದ ಅವನ್ನ ಮಾರಬ್ಯಾಡ್ರಿ ಅಂದಿದ್ರು" ಎಂದಳು. "ನಿಮ್ಮ ಹೆಸರು ಹೇಳ್ಲಿಲ್ಲರಿ. ಆಸ್ಪತ್ರಿ ಬಾಯಾರು ಅಂತಿದ್ರು, ಅಷ್ಟೇ. ಮೊಬೈಲ್‌ನಾಗ ಯಾರ ನಂಬರೂ ಹಾಕಿರ್ಲಿಲ್ಲ. ಎಲ್ಲಾ ಬಾಯಾಗೇ ಇಟ್ಕೋತಿದ್ರು."

ಮನೆಯವರು ನನಗಾಗಿ ಕಾದಿದ್ದರು. ಚಿತ್ತಾಪುರದ ಆಸ್ಪತ್ರೆಯಲ್ಲೂ ವಿಚಾರಿಸಿದ್ದರು. ಕಿಟಕಿಯಲ್ಲಿ ಬೇರೆಯವರಿದ್ದರು, ಮೊದಲಿದ್ದವರು ವರ್ಗವಾಗಿ ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದಿದ್ದರು. ಆರು ತಿಂಗಳ ಮೇಲೆ ಗಾರ್ಡ್ ಸಾಹೇಬರ ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಕಲಬುರಗಿಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವನು ಬಿಲ್ಲೆಗಳನ್ನು ಕತ್ತರಿಯಿಂದ ಸೀಳಿ, ನಾಣ್ಯಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿ, ಅವರ ಕಣ್ಣೆದುರಿಗೇ ಕರಗಿಸಿದ. ಕಾಗದಗಳನ್ನು ಅವನು ಕೇಳಲಿಲ್ಲ. ಅಂಗಡಿಯವನ ತಪ್ಪೇನೂ ಇಲ್ಲ, ಅವನಿಗೆ ಬೇಕಾದದ್ದು ಬಂಗಾರ. ಇದನ್ನೆಲ್ಲ ಅವಳು ತಪ್ಪು ಒಪ್ಪಿಕೊಳ್ಳುವವಳಂತೆ ಹೇಳಿದಳು. ಕಪಾಟಿನಲ್ಲಿ ಅವರ ನೀಲಿ ಡಬ್ಬಿಯೊಂದು ಕಂಡಿತು, ಅದರಲ್ಲಿ ಅಂಗಿ ಗುಂಡಿಗಳು, ಸೂಜಿದಾರ.

"ಅವು ಮಾರಬಾರದಿತ್ತೇನ್ರಿ?" ಎಂದು ಕೇಳಿದಳು.

ತೂಕಕ್ಕಿಂತ ಎಷ್ಟು ಪಟ್ಟು ಬರುತ್ತಿತ್ತೆಂದು ನನಗೆ ಗೊತ್ತಿತ್ತು. ಹೇಳಿ ಏನು ಪ್ರಯೋಜನ? ನೀವು ಮಾಡಿದ್ದು ಸರಿಯಿದೆ ಎಂದೆ. ಅವಳಿಗೆ ಸಮಾಧಾನವಾಯಿತು. ಚಹಾ ಕೊಟ್ಟಳು. ನಾನು ಬಾರದೇ ಹೋದದ್ದಕ್ಕೆ ಅವರು ಏನಾದರೂ ಅಂದಿದ್ದರೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಚೀಲದಲ್ಲಿದ್ದ ಎರಡು ಡಬ್ಬಿಗಳನ್ನು ಹೊರಗೆ ತೆಗೆಯದೆಯೇ ಎದ್ದು ಬಂದೆ. ಸ್ಟೇಷನ್ನಿನಲ್ಲಿ ನನ್ನ ರೈಲು ಬಂದು ಹೋಯಿತು, ಹತ್ತಲು ನೆನಪಾಗಲಿಲ್ಲ. ಮುಂದಿನದಕ್ಕೆ ಹತ್ತಿದೆ.

ಅಳು ಬಂದದ್ದು ಆ ದಿನವಲ್ಲ. ಮೂರ್ನಾಲ್ಕು ದಿನದ ಮೇಲೆ, ಆಸ್ಪತ್ರೆಯಲ್ಲಿ, ಒಬ್ಬ ಮುದುಕನಿಗೆ ರಕ್ತದೊತ್ತಡದ ಗುಳಿಗೆ ಎಣಿಸಿಕೊಡುವಾಗ. ಕಿಟಕಿ ಮುಚ್ಚಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಚಿಂಚೋಳಿಗೆ ವರ್ಗವಾದ ಮೇಲೆ ಐನಾಪುರ ಹತ್ತಿರವಾಯಿತು. ಒಂದು ರಜೆಯ ದಿನ ಎಲ್ಲ ಡಬ್ಬಿಗಳನ್ನೂ ಒಯ್ದು ಅಣ್ಣನ ಪಡಸಾಲೆಯಲ್ಲಿ ಚಾಪೆಯ ಮೇಲೆ ಸಾಲಾಗಿ ತೆರೆದಿಟ್ಟೆ. ಅಣ್ಣ ತೊಗರಿ ಹೊಲಕ್ಕೆ ಔಷಧಿ ಹೊಡೆದು ಬಂದು ಕೈಕಾಲು ತೊಳೆಯುತ್ತಿದ್ದವನು ಒದ್ದೆ ಕೈಯಲ್ಲೇ ನಿಂತ. ಅತ್ತಿಗೆ ಒಂದನ್ನು ಎತ್ತಿ ನೋಡಿ, ಹಾಕಿಕೊಳ್ಳಲು ಬಾರದ್ದನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡೆ ಎಂದು ಕೇಳಿ, ಒಲೆಯ ಮೇಲಿನ ರೊಟ್ಟಿಯ ನೆನಪಾಗಿ ಒಳಗೆ ಹೋದಳು. ನಾನು ಅಣ್ಣನಿಗೆ ಎಲ್ಲ ಹೇಳಿದೆ. ವಾಡಿಯ ಮನೆ, ತೆರೆದ ಬಾಗಿಲು, ಮುದುಕರು, ಅವರ ಪೆಟ್ಟಿಗೆ, ಅದು ಕರಗಿದ್ದು. ಅವನು ಚಾಪೆಯ ಅಂಚಿನಲ್ಲಿ ಕೂತು ಕೇಳಿದ.

"ಇದನ್ನ ಅವತ್ತೇ ಹೇಳಬೇಕಿತ್ತಲ್ಲ" ಎಂದ. ಆಮೇಲೆ, "ನಾ ಕೇಳ್ತೀನಂತ ಅಂಜಿದಿ ಏನು?"

ಹೌದೆಂದು ತಲೆಯಾಡಿಸಿದೆ.

"ಕೇಳ್ತಿದ್ದೆ" ಎಂದ ಅಣ್ಣ. "ಆ ವರ್ಷ ಖರೇ ಕೇಳ್ತಿದ್ದೆ."

ನಾನು ಡಬ್ಬಿಗಳನ್ನು ಒಂದೊಂದಾಗಿ ಮುಚ್ಚತೊಡಗಿದೆ. ಅವನು ನನ್ನನ್ನು ಬೈದಿದ್ದರೆ, ಅಥವಾ ನಾನೇಕೆ ಕೇಳುತ್ತಿದ್ದೆ ಎಂದು ಸುಳ್ಳಾದರೂ ಹೇಳಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ನನ್ನ ಭಯ ಸುಳ್ಳಾಗಿರಲಿಲ್ಲ, ಆದರೂ ನಾನು ಮಾಡಿದ್ದು ಸರಿಯಾಗಿರಲಿಲ್ಲ. ಮರುವಾರ ಅಣ್ಣ ನನ್ನ ಜೊತೆ ಬ್ಯಾಂಕಿಗೆ ಬಂದು ಲಾಕರಿನ ಕಾಗದಕ್ಕೆ ಸಹಿ ಹಾಕಿದ. ನನ್ನ ನಂತರ ಯಾರಿಗೆ ಎಂಬ ಜಾಗದಲ್ಲಿ ಅವನ ಹೆಸರು ಬರೆದೆ. ಜೊತೆಗೆ ಒಂದು ಹಾಳೆಯಲ್ಲಿ, ಇವುಗಳನ್ನು ಬಿಲ್ಲೆಯಿಂದ ತೆಗೆಯಬಾರದು, ಇಂಥ ಕಡೆ ಮಾತ್ರ ಮಾರಬೇಕು ಎಂದು ಕನ್ನಡದಲ್ಲಿ ಬರೆದಿಟ್ಟೆ. ಅಂದಿನಿಂದ ಇಂದಿನವರೆಗೆ ಅವನು ಒಂದನ್ನೂ ಕೇಳಿಲ್ಲ. ಅವನಿಗೆ ಅವುಗಳಲ್ಲಿ ಆಸಕ್ತಿಯೂ ಇಲ್ಲ. ಹೊಸದನ್ನು ಕೊಂಡಾಗ ಹೇಳುತ್ತೇನೆ, ಛಲೋ ಆಯ್ತು ಅನ್ನುತ್ತಾನೆ, ಎಮ್ಮೆಯ ಮಾತಿಗೆ ಹೋಗುತ್ತಾನೆ.

ಹೋದ ವರ್ಷ, ನಿವೃತ್ತಿ ಹತ್ತಿರ ಬಂತೆಂದು, ಇಷ್ಟು ವರ್ಷ ಕೂಡಿಸಿದ್ದಕ್ಕೆ ಅರ್ಥವಿದೆಯೋ ಇಲ್ಲವೋ ನೋಡಿಬಿಡೋಣ ಎಂದು ಸೇಡಂನಲ್ಲಿ ಕೊಂಡ ಮೊದಲ ನಾಣ್ಯವನ್ನು ತೆಗೆದುಕೊಂಡು ಹೈದರಾಬಾದಿಗೆ ಹೋದೆ. ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರು ಭೂತಗನ್ನಡಿ ಹಿಡಿದು ಎರಡೂ ಮುಖ ನೋಡಿದರು. ಡಬ್ಬಿ, ಪತ್ರ, ರಸೀದಿ ಮೂರನ್ನೂ ನೋಡಿದರು. ಎಷ್ಟು ಚೆನ್ನಾಗಿ ಇಟ್ಟಿದ್ದೀರಿ, ಯಾರು ಹೇಳಿಕೊಟ್ಟರು ಎಂದು ಹಿಂದಿಯಲ್ಲಿ ಕೇಳಿದರು. ಪರಿಚಯದವರು ಎಂದೆ. ಅವರು ಹೇಳಿದ ಬೆಲೆ ಬಂಗಾರದ ತೂಕದ ಬೆಲೆಗಿಂತ ಬಹಳ ಮೇಲಿತ್ತು. ನಾನು ಲೆಕ್ಕ ಹಾಕಿದ್ದಕ್ಕಿಂತಲೂ ಹೆಚ್ಚು. ಈಗ ಮಾರುವುದಿಲ್ಲ, ಕೇಳಲಷ್ಟೇ ಬಂದೆ ಎಂದೆ. ಅವರು ಬೇಸರ ಮಾಡಿಕೊಳ್ಳದೆ ಚೀಟಿಯಲ್ಲಿ ಬೆಲೆ ಬರೆದುಕೊಟ್ಟರು.

ತಿರುಗಿ ಬರುವಾಗ ಜಹೀರಾಬಾದಿನಲ್ಲಿ ಬಸ್ಸು ಬದಲಾಯಿಸಿದೆ. ಕುಂಚಾವರಂ ಕಾಡಿನೊಳಗೆ ಬಸ್ಸು ನಿಧಾನವಾಗಿ ಏರುತ್ತಿತ್ತು. ಸಂಜೆ ನಾಲ್ಕರ ಬಿಸಿಲು ಮರಗಳ ನಡುವೆ ಬೀಳುತ್ತಿತ್ತು. ಇಡೀ ಬದುಕಿನಲ್ಲಿ ನಾನು ಮಾಡಿದ ಒಂದು ಕೆಲಸ ಸರಿಯಾಗಿತ್ತೆಂದು ಆ ದಿನ ಖಾತ್ರಿಯಾಗಿತ್ತು. ಪಕ್ಕದಲ್ಲಿ ಕೂತ ಹೆಂಗಸು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಿಗೆ ತೊಡಗಿದಳು. ಅವಳ ಮಡಿಲಲ್ಲಿ ಸೀತಾಫಲದ ಬುಟ್ಟಿ. ಹೈದರಾಬಾದಿಗೆ ಯಾಕೆ ಹೋಗಿದ್ದಿರಿ ಎಂದು ಕೇಳಿದಳು.

ವಾಡಿಯ ಪಡಸಾಲೆಯಲ್ಲಿ ಕೇಳಿದ ಹೊಗಳಿಕೆ ನೆನಪಾಗಿ, ಕಣ್ಣು ತೋರಿಸಲು ಹೋಗಿದ್ದೆ ಎಂದೆ.

"ಡಾಕ್ಟರ್ ಏನಂದ್ರು?"

"ಛಲೋ ಅದಾವಂದ್ರು."

ಅವಳು ಒಂದು ಹಣ್ಣು ತೆಗೆದು ನನ್ನ ಕೈಗಿಟ್ಟಳು. ಚಿಂಚೋಳಿ ಬರುವ ತನಕ ಅದನ್ನು ಬಿಡಿಸಿ ತಿನ್ನುತ್ತ, ಬೀಜಗಳನ್ನು ಕಿಟಕಿಯ ಹೊರಗೆ ಎಸೆಯುತ್ತ ಕೂತಿದ್ದೆ.